ಓದದೇ ಉಳಿದ ಚೀಟಿ

“ಹೊಳೆಯಾಚೆಯವರೆಲ್ಲ ಕಳ್ಳರು, ಅವರನ್ನು ಒಳಗೆ ಬಿಟ್ಟುಕೊಂಡರೆ...” ಚೀಟಿ ಓದುತ್ತಿದ್ದ ದೊಡ್ಡಮ್ಮ ಅಲ್ಲಿಗೇ ನಿಲ್ಲಿಸಿಬಿಟ್ಟಳು. ಹೊಲಿಗೆಯವರೆಲ್ಲ ಕೂಡಿ ನಡೆಸುವ ಆ ಅಂಗಡಿಯಲ್ಲಿ, ಮಧ್ಯಾಹ್ನ ಮೆಷಿನ್ನು ನಿಲ್ಲಿಸಿ ಮನಸ್ಸಿನ ಮಾತನ್ನು ಹೆಸರು ಹಾಕದೆ ಬರೆದು ಪೆಟ್ಟಿಗೆಗೆ ಹಾಕಿದ ಚೀಟಿಗಳನ್ನು ಒಂದಕ್ಷರ ಬಿಡದೆ ಓದಬೇಕೆಂಬುದು ಅವಳೇ ಹಠ ಹಿಡಿದು ತಂದ ಪದ್ಧತಿ. ಹೊಳೆಯಾಚೆಯಿಂದ ಬಂದವಳು ಅಲ್ಲಿ ಒಬ್ಬಳೇ ಇದ್ದಳು, ಗುಂಡಿ ಹೊಲಿಯುವವಳು.

“ಪದ್ಧತಿ ಅಂದ್ಮೇಲೆ ಪೂರ್ತಿ ಓದಿ ದೊಡ್ಡಮ್ಮ” ಎಂದ ಅಳತೆ ತೆಗೆಯುವವನು.

“ಯಾರ ಬಾಯಿಗೂ ಬೀಗ ಹಾಕೋ ಹಕ್ಕು ನನಗಿಲ್ಲಪ್ಪ. ಆದ್ರೆ ನಮ್ಮವಳನ್ನೇ ನೋಯಿಸೋಕೆ ನನ್ನ ಬಾಯಿ ಕಡ ಕೊಡಲ್ಲ. ಬರೆದವರೇ ಬಂದು, ಇವಳ ಮುಖ ನೋಡ್ಕೊಂಡು ಓದ್ಲಿ.” ದೊಡ್ಡಮ್ಮ ಕನ್ನಡಕ ತೆಗೆದು ಚೀಟಿಯನ್ನು ಮೇಜಿನ ಮೇಲಿಟ್ಟಳು.

ಕೊನೆಗೆ ಎದ್ದವರು ಕೋಟು ಹೊಲಿಯುವ ಮುದುಕರು. “ಬರೆದವನಿಗೆ ಓದೋಕೇನು ಭಯ?” ಎಂದು ಗೊಣಗುತ್ತ ಚೀಟಿ ಎತ್ತಿಕೊಂಡು ಗುಂಡಿಯವಳೆದುರು ನಿಂತರು. ಮೂಗಿನ ಹತ್ತಿರ ತಂದರು, ತೋಳುದ್ದ ದೂರ ಹಿಡಿದರು. ಬರೆಯುವಾಗ ಸಿಟ್ಟಿನಲ್ಲಿ ಕಂಡಿದ್ದ ಅಕ್ಷರಗಳು ಈಗ ಕಾಣಲೇ ಇಲ್ಲ.

“ಕೊಡಿ ಮಾವ” ಎಂದು ಅವಳು ಕೈ ಚಾಚಿದಳು. “ದಿನಾ ನಿಮ್ಮ ಸೂಜಿಗೆ ದಾರ ಪೋಣಿಸಿ ಕೊಡ್ತೀನಲ್ಲ, ಇದನ್ನೂ ನಾನೇ ಓದಿಬಿಡ್ತೀನಿ.”

ಮುದುಕರು ಚೀಟಿಯನ್ನು ಮುಷ್ಟಿಯೊಳಗೆ ಮುದುಡಿಕೊಂಡರು. ಕಾಲರಿಗೆ ಸಿಕ್ಕಿಸಿದ್ದ ಸೂಜಿಯನ್ನು ಬಿಡಿಸಿ, ಚಾಚಿದ್ದ ಆ ಅಂಗೈಯಲ್ಲಿ ಮೆಲ್ಲಗೆ ಇಟ್ಟರು.

“ಕಪ್ಪು ದಾರ ಹಾಕಮ್ಮ” ಎಂದರು.