ಮಾಚಿಪತ್ರೆಯ ಮೊಕದ್ದಮೆ

ಮರಣ ಪ್ರಮಾಣ ಪತ್ರವನ್ನು ಕೈಗೆ ತೆಗೆದುಕೊಂಡಾಗ ವಕೀಲ ಮೋಹನ್‌ಕುಮಾರನ ಮುಖದಲ್ಲಿ ಕಂಡ ಗೆಲುವು, ಈ ಆರು ವರ್ಷಗಳಲ್ಲಿ ಬೇರೆ ಯಾವ ಕಾಗದ ಕೊಟ್ಟಾಗಲೂ ಕಂಡಿರಲಿಲ್ಲ. ಎರಡು ಸಲ ಓದಿ, ಮೊಹರನ್ನು ಬೆಳಕಿಗೆ ಹಿಡಿದು ನೋಡಿ, ಕೋರ್ಟಿನ ಜಗಲಿಯ ಮೇಲೇ ಹೇಳಿದ:

“ಇನ್ನೇನಿಲ್ಲ ಸ್ವಾಮಿ. ಇದೊಂದು ಕೊಟ್ಬುಟ್ರೆ ಎರಡು ನಿಮಿಷದಲ್ಲಿ ಕೇಸು ಮುಗ್ದೋಯ್ತದೆ.”

“ಮುಗಿಯುತ್ತೆ ಅಂದರೆ, ನಮ್ಮ ಮುರಳಿ ತಪ್ಪು ಮಾಡಿಲ್ಲ ಅಂತ ಬರೀತಾರೋ?” ಎಂದರು ಲಕ್ಷ್ಮೀನರಸಿಂಹಯ್ಯನವರು.

“ಅಂಗೆಲ್ಲ ಬರೆಯಕ್ಕಿಲ್ಲ. ಆರೋಪಿ ತೀರ್ಕಂಡವ್ನೆ, ಅದ್ಕೆ ಕೇಸು ಕ್ಲೋಸು ಅಂತಾರೆ.”

ಮುರಳೀಕೃಷ್ಣ ಅವರ ಒಬ್ಬನೇ ಮಗ. ತಂದೆಯ ಜೊತೆ ಹೊಳೆನರಸೀಪುರದ ದೇವಸ್ಥಾನವೊಂದರಲ್ಲಿ ಪೂಜೆಗೆ ನಿಲ್ಲುತ್ತಿದ್ದ. ತೊಂಬತ್ತೆಂಟರ ಗಣೇಶನ ಹಬ್ಬದ ಹಿಂದಿನ ದಿನ, ಪೂಜೆಯ ಇಪ್ಪತ್ತೊಂದು ಪತ್ರೆಗಳಲ್ಲಿ ಮಾಚಿಪತ್ರೆಯೊಂದು ಸಿಗಲಿಲ್ಲವೆಂದು ಗೊರೂರಿನ ನೀರಾವರಿ ಕ್ವಾರ್ಟರ್ಸಿನ ಹಿತ್ತಲುಗಳಿಗೆ ಹೋಗಿ ಒಂದು ಚೀಲ ಕಿತ್ತು ತಂದ. ಸೀಳು ಸೀಳಾದ ಎಲೆ, ಘಾಟು ವಾಸನೆ. ಬಸ್ಸಿನಿಂದ ಇಳಿದವನ ಚೀಲವನ್ನು ಒಬ್ಬ ಪೇದೆ ಮೂಸಿ ನೋಡಿ, ಗಾಂಜಾ ಎಂದು ತೀರ್ಮಾನಿಸಿದ. ಇಡೀ ಮೊಕದ್ದಮೆಯಲ್ಲಿ ತಡವಿಲ್ಲದೆ ಹೊರಬಿದ್ದ ತೀರ್ಮಾನ ಅದೊಂದೇ.

ಅಪರಾಧ ಸಾಬೀತಾಗಿದ್ದರೆ ಹೆಚ್ಚೆಂದರೆ ಆರು ತಿಂಗಳ ಸಜೆ. ಸಾಬೀತಾಗಲಿಲ್ಲ, ಆದ್ದರಿಂದ ಮುರಳಿ ಜಾಮೀನಿನ ಮೇಲೆ ಆರು ವರ್ಷ ಓಡಾಡಿದ. ಸೊಪ್ಪನ್ನು ಪರೀಕ್ಷೆಗೆ ಕಳಿಸಿದ್ದರು. ವರದಿ ಬಂದಿಲ್ಲ, ವರದಿ ಬಂದಿಲ್ಲ ಎಂದು ನಲವತ್ತಮೂರು ವಾಯಿದೆಗಳಾದವು. ಕೇಸು ಮುಗಿಯುವವರೆಗೆ ಗರ್ಭಗುಡಿಗೆ ಕಾಲಿಡಬೇಡ ಎಂದರು ಧರ್ಮದರ್ಶಿಗಳು. ಮುಗಿಯಲಿ, ಆಮೇಲೆ ನೋಡೋಣ ಎಂದರು ಹೆಣ್ಣು ಕೊಡುವವರು. ತ್ವರಿತ ನ್ಯಾಯವು ಪ್ರತಿಯೊಬ್ಬರ ಹಕ್ಕು ಎಂದು ಕೋರ್ಟಿನ ಗೋಡೆಯ ಮೇಲೆ ದುಂಡಾದ ಅಕ್ಷರದಲ್ಲಿ ಬರೆಸಿದ್ದರು. ಅದರ ಕೆಳಗಿನ ಬೆಂಚಿನ ಮೇಲೆ ಕೂತೇ ಮುರಳಿಗೆ ಮೂವತ್ತು ದಾಟಿತು. ಕಳೆದ ಮಾಘದಲ್ಲಿ ಕಾಮಾಲೆ ಬಂತು. ಅದು ವಾಯಿದೆ ಕೇಳಲಿಲ್ಲ.

ಬೆಳಗ್ಗೆ ಲಕ್ಷ್ಮೀನರಸಿಂಹಯ್ಯನವರು ಹೊರಡುವಾಗ ಹೆಂಡತಿ ರಂಗನಾಯಕಿ ಒಂದೇ ಮಾತು ಹೇಳಿದ್ದರು. ಮಗ ಬರುವುದಿಲ್ಲ, ಗೊತ್ತು. ಗಾಂಜಾ ಅಲ್ಲ ಅನ್ನುವುದನ್ನು ಕೋರ್ಟಿನವರ ಬಾಯಿಂದ ಹೇಳಿಸಿಕೊಂಡು ಬನ್ನಿ.

ನ್ಯಾಯಾಧೀಶರು ಹೊಸಬರು, ವಯಸ್ಸಿನಲ್ಲಿ ಚಿಕ್ಕವರು, ಸೌಮ್ಯ ಸ್ವಭಾವದವರು. ಪ್ರಮಾಣ ಪತ್ರವನ್ನು ನೋಡಿ, ಮುದುಕರ ಕಡೆಗೊಮ್ಮೆ ತಿರುಗಿ ಅಯ್ಯೋ ಪಾಪ ಎನ್ನುವಂತೆ ತಲೆಯಾಡಿಸಿ, ಆದೇಶ ಹೇಳಿ ಬರೆಸತೊಡಗಿದರು. ವಕೀಲ ಎರಡು ನಿಮಿಷ ಎಂದಿದ್ದ, ಅಷ್ಟೂ ಹಿಡಿಯಲಿಲ್ಲ. ಆರು ವರ್ಷ ಕುಂಟಿದ ನ್ಯಾಯಕ್ಕೆ ಒಂದು ಸಾವು ಸಿಕ್ಕಿದ್ದೇ ತಡ, ಕಾಲು ಬಂದುಬಿಟ್ಟಿತ್ತು. ಕೊನೆಯ ಸಾಲು ವಾಡಿಕೆಯದು: ಜಪ್ತಿ ಮಾಡಿದ ಮಾಲನ್ನು ಸುಟ್ಟು ನಾಶಪಡಿಸತಕ್ಕದ್ದು.

“ಸುಡಬೇಡಿ ಸ್ವಾಮಿ,” ಎಂದರು ಲಕ್ಷ್ಮೀನರಸಿಂಹಯ್ಯನವರು.

ಮೋಹನ್‌ಕುಮಾರ ಅವರ ಉತ್ತರೀಯ ಹಿಡಿದು ಎಳೆದ. ಅವರು ಬಿಡಿಸಿಕೊಂಡರು. ದೇವರ ಹೆಸರಿನಲ್ಲಿ ಕಿತ್ತ ಪತ್ರೆಯನ್ನು ಬೆಂಕಿಗೆ ಹಾಕುವ ಪದ್ಧತಿ ಇಲ್ಲ, ಹರಿಯುವ ನೀರಿಗೆ ಬಿಡಬೇಕು. ಒಣಗಿ ಪುಡಿಯಾಗಿದ್ದರೂ ಚಿಂತೆಯಿಲ್ಲ, ತನಗೆ ಕೊಟ್ಟರೆ ಹೇಮಾವತಿಗೆ ಬಿಟ್ಟು ಬರುತ್ತೇನೆ ಎಂದು ವಿವರಿಸಿದರು.

“ಗಾಂಜಾ ವಾಪಸು ಕೊಡೋ ಹಾಗಿಲ್ಲ ಯಜಮಾನರೆ,” ಎಂದರು ನ್ಯಾಯಾಧೀಶರು.

“ಗಾಂಜಾ ಅಂತ ಯಾರು ಹೇಳಿದರು ಸ್ವಾಮಿ?”

ಪೇದೆಯ ಮೂಗನ್ನು ಬಿಟ್ಟರೆ ಇನ್ನು ಯಾರೂ ಹೇಳಿರಲಿಲ್ಲ.

“ಸತ್ತವನ ಮೇಲೆ ತೀರ್ಪು ಕೊಡೋಕೆ ಕಾನೂನಿಲ್ಲವಂತೆ, ಬೇಡ. ಸೊಪ್ಪಿನ ಮೇಲಾದರೂ ಒಂದು ಮಾತು ಕೊಡಬಹುದಲ್ಲ.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ನಗಲಿಲ್ಲ. ಪೆನ್ನು ಕೆಳಗಿಟ್ಟು, ಪ್ರಯೋಗಾಲಯದಿಂದ ಏನಾದರೂ ಕಾಗದ ಬಂದಿದೆಯೋ ನೋಡಿ, ಇಲ್ಲದಿದ್ದರೆ ಇವತ್ತೇ ಒಂದು ಪತ್ರ ಬರೆಯಿರಿ ಎಂದು ಗುಮಾಸ್ತ ದ್ಯಾವಯ್ಯನಿಗೆ ಹೇಳಿದರು. ಬಂದಿಲ್ಲ ಎನ್ನುವುದರಲ್ಲಿ ದ್ಯಾವಯ್ಯನಿಗೆ ಸಂಶಯವಿರಲಿಲ್ಲ. ನಲವತ್ತಮೂರು ಸಲ ಹಾಗೆಂದು ಬರೆದಿದ್ದವನೇ ಅವನು. ಆದರೂ ಹೇಳಿದ್ದಕ್ಕೆ ಕಡತದ ದಾರ ಬಿಚ್ಚಿ ಹಾಳೆ ಮಗುಚುತ್ತಾ ಹೋದ. ಜಾಮೀನು ಪತ್ರದ ಹಿಂದೆ ಒಂದು ಕಂದು ಲಕೋಟೆ ಇತ್ತು. ಅಂಚೆಯಲ್ಲಿ ನೇರ ಕೋರ್ಟಿಗೇ ಬಂದದ್ದು. ಅದನ್ನು ಯಾರೋ ಜೋಪಾನವಾಗಿ ಕಡತಕ್ಕೆ ಸೇರಿಸಿ ಹೊಲಿದಿದ್ದರು. ಅರಗಿನ ಮುದ್ರೆ ಒಡೆದಿರಲಿಲ್ಲ.

ನ್ಯಾಯಾಧೀಶರು ಮುದ್ರೆ ಒಡೆದು, ಮೊದಲು ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ಗಟ್ಟಿಯಾಗಿ ಓದಿದರು: “ಪರೀಕ್ಷಿಸಿದ ಸೊಪ್ಪು ಗಾಂಜಾ ಅಲ್ಲ. ಮಾಚಿಪತ್ರೆ.”

ಲಕ್ಷ್ಮೀನರಸಿಂಹಯ್ಯನವರು ಕಣ್ಣು ಮುಚ್ಚಿ ಕೈ ಮುಗಿದರು. ಹೆಂಡತಿ ತರಲು ಹೇಳಿದ್ದ ಮಾತು ಸಿಕ್ಕಿತ್ತು. ಸ್ವಲ್ಪ ಹೊತ್ತಿನ ಮೇಲೆ, ಕಾಗದದಲ್ಲಿ ತಾರೀಖು ಏನಿದೆ ಎಂದು ಕೇಳಿದರು. ನ್ಯಾಯಾಧೀಶರು ಅದನ್ನು ಓದಲಿಲ್ಲ. ಹಾಳೆಯನ್ನೇ ಅವರ ಕಡೆ ಚಾಚಿದರು. ಮುದುಕರು ಕನ್ನಡಕ ಏರಿಸಿ, ಎಳೆಯ ಹುಡುಗರು ಪಾಠ ಓದುವಂತೆ ಒಂದೊಂದೇ ಅಂಕಿಯನ್ನು ಓದಿದರು. ಹದಿನಾರು, ಹನ್ನೊಂದು, ತೊಂಬತ್ತೆಂಟು. ಹಬ್ಬ ಕಳೆದು ಮೂರು ತಿಂಗಳೂ ಆಗಿರಲಿಲ್ಲ.

ಎಲ್ಲರ ದೃಷ್ಟಿ ತನ್ನ ಮೇಲೆ ನೆಟ್ಟಿದ್ದು ದ್ಯಾವಯ್ಯನಿಗೆ ತಿಳಿಯಿತು. ಅವನು ತಲೆ ಎತ್ತದೆ, ಕಡತಕ್ಕೆ ಮತ್ತೆ ದಾರ ಸುತ್ತುತ್ತಾ ಹೇಳಿದ:

“ಕೇಳಿದ್ರೆ ಅವತ್ತೇ ಹುಡ್ಕಿ ಕೊಡ್ತಿದ್ದೆ ಸ್ವಾಮಿ. ಯಾರೂ ಕೇಳ್ನೇ ಇಲ್ವಲ್ಲ.”