ಮುಂದಿನ ತಾನ

ಗಾಯಕ ಮನ್ಮಥಬುವಾ ಉಸಿರೆಳೆದುಕೊಳ್ಳುವಷ್ಟರಲ್ಲಿ, ಹಿಂದೆ ತಂಬೂರಿ ಮೀಟುತ್ತಿದ್ದ ಶಿಷ್ಯೆ ಶಿವಗಂಗಾ, ಗುರುಗಳ ಮುಂದಿನ ತಾನವನ್ನು ಮೊದಲೇ ಹಾಡಿಬಿಟ್ಟಳು. ಬುವಾ ಬೇರೊಂದು ಹಿಡಿದರು. ಅದನ್ನೂ ಅವಳೇ ಮುಗಿಸಿದಳು.

“ಬುವಾ, ಶಿಷ್ಯೆ ಮುಂದ ಹೊಂಟಾಳಲ್ರೀ!” ಎಂದು ಯಾರೋ ನಕ್ಕರು. ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆದಮೇಲೆ ಉದಗೀರದಲ್ಲಿ ನಡೆದ ಮೊದಲ ಹಾಡಿನ ಬೈಠಕ್ಕು ಅದು. ಹಾಡುವಾಗಲೇ ಹುಟ್ಟುತ್ತವೆ ಎನ್ನುವ ಬುವಾನ ತಾನಗಳೆಲ್ಲ ಬರೀ ಬಾಯಿಪಾಠವೆಂದು ಊರಿಗೇ ತಿಳಿಯಲಿ ಎಂದುಕೊಂಡಳು ಶಿವಗಂಗಾ. “ಮನಸಿಗೆ ಬಂದಂಗ ಹಾಡೂದು ಹೆಂಗಸರ ಕೆಲಸಲ್ಲ, ನಾ ಅಂದದ್ದಷ್ಟ ಅನ್ನು” ಎಂದು ವರ್ಷಗಟ್ಟಲೆ ಹಂಗಿಸಿದವರು ಈಗ ಬೆವರುತ್ತಿದ್ದರು. ಅವಳ ಹೊಟ್ಟೆ ತಣ್ಣಗಾಯಿತು.

“ನನ್ನವೆಲ್ಲಾ ತೀರಿದ್ವು, ಶಿವಗಂಗಾ,” ಬುವಾ ಮೆಲ್ಲಗೆ ಅಂದರು. “ಈಗ ನಿಂದೊಂದು ಹಾಡು.”

ಸಭೆಯೆಲ್ಲ ಅವಳತ್ತ ತಿರುಗಿತು. ಅವಳು ಬಾಯಿ ತೆರೆದಳು. ತಬಲಾ ಒಂದು ಸುತ್ತು ಮುಗಿಸಿ ಇನ್ನೊಂದು ಹಿಡಿಯಿತು. ಗಂಟಲಿಗೆ ಬಂದದ್ದೆಲ್ಲ ಬುವಾನದೇ ಆಗಿತ್ತು.