ಕ್ಲಾರಿನೆಟ್ ಊದುವ ಹಲ್ಲು

"ಈ ಕಾಲೇಜೇ ಯಾಕಮ್ಮ?" ಅಧ್ಯಕ್ಷರು ಅರ್ಜಿಯಿಂದ ತಲೆ ಎತ್ತಿದರು. "ನಿನಗೆ ಬಂದಿರೋ ಮಾರ್ಕ್ಸಿಗೆ ದೊಡ್ಡ ಡೆಂಟಲ್ ಕಾಲೇಜೇ ಸಿಗುತ್ತೆ. ಅಲ್ಲಿ ನೋಡಿದ್ರೆ ಹುಡುಗಿಯರಿಗೆ ಹಾಸ್ಟೆಲ್ಲೂ ಇಲ್ಲ. ಫಾರಂ ತುಂಬೋವಾಗ ತಪ್ಪಾಯ್ತಾ?"

೧೯೮೨ರ ಜುಲೈ. ಬೆಂಗಳೂರಿನಲ್ಲಿ ಡೆಂಟಲ್ ಸೀಟು ಹಂಚುವ ಕಚೇರಿಯ ಮೇಜಿನ ಆಚೆ ಆಯ್ಕೆ ಸಮಿತಿಯ ಅಧ್ಯಕ್ಷ ನರಸಯ್ಯ, ಅವರ ಪಕ್ಕ ಡಾಕ್ಟರ್ ಮಹಾಲಕ್ಷ್ಮಮ್ಮ. ಈಚೆ ತುಮಕೂರು ಮರಳೂರಿನ ಮೆಹತಾಬ್, ಹದಿನೇಳು ವರ್ಷ. ಪಿಯುಸಿ ಮೇಷ್ಟ್ರು ಬರೆದುಕೊಟ್ಟ ಉತ್ತರವನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡೇ ಬಂದಿದ್ದಳು. "ಸುಸಜ್ಜಿತ ಪ್ರಯೋಗಾಲಯ, ನುರಿತ ಅಧ್ಯಾಪಕ ವೃಂದ..." ಎನ್ನುವಷ್ಟರಲ್ಲಿ ಮಹಾಲಕ್ಷ್ಮಮ್ಮ ನಕ್ಕುಬಿಟ್ಟರು.

"ಬೆಳಗ್ಗೆಯಿಂದ ಇದನ್ನೇ ಹನ್ನೊಂದು ಸಲ ಕೇಳಿದೀವಿ ಕಣಮ್ಮ. ನಿಜ ಹೇಳು."

ಮೆಹತಾಬ್‌ಗೆ ಇನ್ನು ಬಾಯಿಪಾಠದ್ದು ಏನೂ ನೆನಪಿರಲಿಲ್ಲ. "ನಮ್ಮ ತಂದೆ ಅಬ್ದುಲ್ ರಶೀದ್ ಅಂತ. ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ಊದ್ತಾರೆ ಮೇಡಂ," ಎಂದು ಶುರು ಮಾಡಿದಳು.

ಗುಬ್ಬಿ ಕಡೆ ಮದುವೆ ಗೊತ್ತಾದರೆ ಮೊದಲು ರಶೀದ್ ಬಿಡುವಾಗಿದ್ದಾರಾ ಎಂದು ಕೇಳುತ್ತಿದ್ದ ಕಾಲವೊಂದಿತ್ತು. ಆರು ವರ್ಷದ ಹಿಂದೆ ಕುಣಿಗಲ್‌ನಲ್ಲಿ ಬ್ಯಾಂಡಿನ ಲಾರಿ ಇಳಿಯುವಾಗ ಕಾಲು ಜಾರಿ, ಮುಖ ಕಬ್ಬಿಣಕ್ಕೆ ಬಡಿದು, ಮೇಲಿನ ಮೂರು ಮುಂಬಲ್ಲು ಹೋದವು. ಕ್ಲಾರಿನೆಟ್ಟಿನ ತುದಿಯನ್ನು ಮೇಲಿನ ಹಲ್ಲು ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ಉಸಿರೆಲ್ಲ ಪಕ್ಕಕ್ಕೆ ಸೋರಿಹೋಗುತ್ತದೆ. ಒಬ್ಬ ಡಾಕ್ಟರು ಹಲ್ಲು ಕಟ್ಟಿಕೊಟ್ಟರು. ಊದಿದರೆ ಅದು ಕಳಚಿ ನಾಲಿಗೆ ಮೇಲೆ ಬೀಳುತ್ತಿತ್ತು. "ನೋಡೋಕೆ ಲಕ್ಷಣವಾಗಿದೆ, ಊಟಕ್ಕೆ ತೊಂದರೆ ಇಲ್ಲ, ಇನ್ನೇನು ಬೇಕು?" ಎಂದು ಅವರು ಕೈ ತೊಳೆದುಕೊಂಡರು. ದಿಬ್ಬಣದ ಮುಂದೆ ಮುಂದೆ ನಡೆಯುತ್ತಿದ್ದ ರಶೀದ್, ಕೊನೆಯ ಸಾಲಿನಲ್ಲಿ ತಾಳ ತಟ್ಟಿಕೊಂಡು ಬರತೊಡಗಿದರು.

ಯಾರೋ ಹೇಳಿದರೆಂದು ಕಡೆಗೆ ಈ ಕಾಲೇಜಿಗೆ ಬಂದರು. ಜೊತೆಗೆ ಹನ್ನೊಂದು ವರ್ಷದ ಮೆಹತಾಬ್. ತಗಡಿನ ಶೀಟು ಹಾಕಿದ ಹಾಲ್, ಉದ್ದನೆಯ ಸಾಲು. ಅಲ್ಲಿನ ಮೇಷ್ಟ್ರು ಡಾಕ್ಟರ್ ಚನ್ನವೀರಯ್ಯ ಬಾಯಿ ತೆರೆಸುವ ಮೊದಲೇ ಕೇಳಿದರು.

"ಈ ಹಲ್ಲಲ್ಲಿ ನೀವು ಏನ್ ಕೆಲಸ ಮಾಡ್ತೀರಿ, ಸಾಹೇಬ್ರೇ?"

"ಊಟ ಮಾಡ್ತೀನಿ ಸಾರ್."

"ಊಟ ಎಲ್ರೂ ಮಾಡ್ತಾರೆ. ನೀವೇನ್ ಮಾಡ್ತೀರಿ?"

ಆರು ತಿಂಗಳಲ್ಲಿ ಯಾವ ಡಾಕ್ಟರೂ ಅದನ್ನು ಕೇಳಿರಲಿಲ್ಲ. ರಶೀದ್ ಕ್ಲಾರಿನೆಟ್ಟಿನ ಕಥೆಯನ್ನೆಲ್ಲ ಹೇಳಿಕೊಂಡರು. ಮುಂದಿನ ಸೋಮವಾರ ಕ್ಲಾರಿನೆಟ್ ತರಬೇಕೆಂದು ಚನ್ನವೀರಯ್ಯ ಹೇಳಿ ಕಳಿಸಿದರು.

"ಹೊಸ ಹಲ್ಲು ಕಟ್ಟಿ ಅಲ್ಲೇ ಊದಿಸಿದ್ರು ಮೇಡಂ. ಅಲ್ಲಾಡ್ತು. ಬಿಚ್ಚಿ ಮತ್ತೆ ಮಾಡಿದ್ರು. ಮೂರನೇ ಸಲವೂ ಆಗಲಿಲ್ಲ. ಆಗ ಡಾಕ್ಟರು, 'ತಪ್ಪು ನಂದು. ಇದನ್ನ ಹೆಂಗೆ ಕಚ್ಚಿ ಹಿಡೀತಾರೆ ಅಂತ್ಲೇ ನಂಗೊತ್ತಿಲ್ಲ. ನಂಗೆ ಹೇಳ್ಕೊಡಿ' ಅಂದ್ರು. ನಮ್ಮ ತಂದೆಯನ್ನ ತಮ್ಮ ಕುರ್ಚಿ ಮೇಲೆ ಕೂರಿಸಿ, ತಾವು ಸ್ಟೂಲ್ ಮೇಲೆ ಕೂತ್ರು. ಕ್ಲಾರಿನೆಟ್ ತೊಳ್ಸಿ ಬಾಯಿಗಿಟ್ಕೊಂಡ್ರು."

"ಊದಿದ್ರಾ?" ಎಂದರು ಮಹಾಲಕ್ಷ್ಮಮ್ಮ.

"ಎಮ್ಮೆ ಕರು ಕೂಗಿದಂಗಾಯ್ತು! ಸಾಲಿನಲ್ಲಿದ್ದವರೆಲ್ಲ ನಕ್ಕರು, ಅವರೂ ನಕ್ಕರು. ನಮ್ಮ ತಂದೆ 'ಹಂಗಲ್ಲ ಸಾರ್, ಗದ್ದ ಇಳಿಸಿ' ಅಂತ ಪಾಠ ಮಾಡ್ತಾ ಇದ್ರು. ಮಧ್ಯಾಹ್ನ ಪೂರ್ತಿ ಅಷ್ಟೇ ಕೆಲಸ. ತುಟಿ ಕೆಂಪಗೆ ಊದ್ಕೊಂಡ ಮೇಲೆ, 'ಗೊತ್ತಾಯ್ತು, ಭಾರ ಎಲ್ಲಿ ಬೀಳುತ್ತೆ ಅಂತ ಈಗ ಗೊತ್ತಾಯ್ತು' ಅಂತ ಎದ್ದು ನಿಂತ್ರು. ಮುಂದಿನ ವಾರ ಕಟ್ಟಿದ ಹಲ್ಲು ಇವತ್ತಿಗೂ ಅಲ್ಲಾಡಿಲ್ಲ. ಆವತ್ತು ನಮ್ಮ ತಂದೆ ಪೂರ್ತಿ ಒಂದು ಹಾಡು ಊದಿದ್ರು. ಕೆನ್ನೆ ಊದಿಸ್ಕೊಂಡು ಸಾಲಲ್ಲಿ ಕೂತಿದ್ದ ಒಂದು ಅಜ್ಜಿ, 'ನನ್ ಹಲ್ಲು ಆಮ್ಯಾಕೆ ಕಿತ್ರಾಯ್ತು ಬುಡಿ, ಇನ್ನೊಂದ್ ಊದ್ಲಿ' ಅಂತು."

ಮೆಹತಾಬ್ ಉಸಿರು ತೆಗೆದುಕೊಂಡಳು. "ನಮ್ಮ ತಂದೆಗೆ ಓದು ಬರಲ್ಲ ಸಾರ್. ಅಷ್ಟು ಓದಿರೋರು ಅವರ ಮುಂದೆ ಕೂತು ಕಲಿತ್ಕೊಂಡ್ರಲ್ಲ, ನಾನು ಹಲ್ಲಿನ ವಿದ್ಯೆ ಕಲಿತ್ರೆ ಅಲ್ಲೇ ಕಲೀಬೇಕು ಅಂತ ಆವತ್ತೇ ಅಂದ್ಕೊಂಡೆ. ಹಾಸ್ಟೆಲ್ ಇಲ್ದಿದ್ರೆ ಚಿಕ್ಕಮ್ಮನ ಮನೇಲಿರ್ತೀನಿ. ಕೇಳಿದೀನಿ, ಒಪ್ಪಿದಾರೆ."

ನರಸಯ್ಯ ಅರ್ಜಿಯ ಮೇಲೆ ಆ ಕಾಲೇಜಿನ ಹೆಸರು ಬರೆದರು. ಸಹಿ ಹಾಕಲು ಹೋದವರು ತಡೆದು, ಮೆಲ್ಲಗೆ ಹೇಳಿದರು. "ಒಂದು ವಿಷಯ ನಿನಗೆ ಗೊತ್ತಿರಬೇಕಮ್ಮ. ಚನ್ನವೀರಯ್ಯನವರು ಹೋದ ವರ್ಷವೇ ರಿಟೈರಾದ್ರು. ಈಗ ಅವರು ಅಲ್ಲಿಲ್ಲ."

ಅದು ಅವಳಿಗೆ ಗೊತ್ತಿರಲಿಲ್ಲ. ಮುಖ ಬಾಡಿತು. ಮೇಜಿನ ಅಂಚನ್ನೇ ನೋಡುತ್ತ ನಿಂತಳು. ಮಹಾಲಕ್ಷ್ಮಮ್ಮ, "ಬೇರೆ ಕಾಲೇಜು ಬೇಕಿದ್ರೆ ಈಗಲೇ ಹೇಳಮ್ಮ, ತಡ ಆಗಿಲ್ಲ," ಎಂದರು.

"ಬೇಡ ಮೇಡಂ," ಎಂದಳು ಮೆಹತಾಬ್. "ಅವರು ಸ್ಟೂಲ್ ಮೇಲೆ ಕೂತಾಗ ಸುತ್ತ ಏಳು ಜನ ಸ್ಟೂಡೆಂಟ್ಸ್ ನಿಂತ್ಕೊಂಡು ನೋಡ್ತಾ ಇದ್ರು. ಅವರಲ್ಲಿ ಒಬ್ಬರಾದ್ರೂ ಈಗ ಅಲ್ಲಿ ಮೇಷ್ಟ್ರಾಗಿರ್ತಾರೆ."